ಯಶೋದತ್ತೆಯ ಪಥ್ಯ

ಋತು ಬದಲಾಯಿತೆಂದು ನಮ್ಮ ಮನೆಯಲ್ಲಿ ಹೇಳಬೇಕಾದವರು ಯಶೋದತ್ತೆ. ಅವರು ಹೇಳುವ ತನಕ ರಾಜಾಜಿನಗರದಲ್ಲಿ ಎಷ್ಟೇ ಮಳೆ ಸುರಿದರೂ ಅದು ಮಳೆಗಾಲವಲ್ಲ. ಹೇಳಿದ ಮರುದಿನ ಬೆಳಗ್ಗೆ ಎಲ್ಲರಿಗೂ ಹರಳೆಣ್ಣೆ. ವಿಧಾನಸೌಧದಲ್ಲಿ ಸೆಕ್ಷನ್ ಆಫೀಸರ್ ಆಗಿದ್ದ ನಮ್ಮಪ್ಪ ಪುರುಷೋತ್ತಮ ರಾಯರೂ ಹಿತ್ತಲ ಬಾಗಿಲಲ್ಲಿ ಮೂಗು ಹಿಡಿದುಕೊಂಡು ನಿಲ್ಲಬೇಕು. ಅಲ್ಲಿಂದ ಎರಡು ವಾರ ಋತುಸಂಧಿಯ ಪಥ್ಯ. ಹಳೆಯ ಋತುವಿನ ಊಟ ನಿಧಾನವಾಗಿ ತಟ್ಟೆಯಿಂದ ಇಳಿದು ಹೊಸ ಋತುವಿನ ಊಟ ನಿಧಾನವಾಗಿ ಏರಬೇಕು. ಒಮ್ಮೆಲೇ ಬದಲಾಯಿಸಿದರೆ ದೇಹ ಮುನಿಸಿಕೊಳ್ಳುತ್ತದೆ ಎನ್ನುತ್ತಿದ್ದರು ಅತ್ತೆ. ಅವರ ಮಾತಿನಲ್ಲಿ ದೇಹವೆಂದರೆ ಮನೆಗೆ ಬಂದ ಬೀಗರು.

ಅಪ್ಪನದು ಪಿತ್ತದ ದೇಹ, ಅಮ್ಮ ಅನಂತಲಕ್ಷ್ಮಿಯದು ವಾತ, ನನ್ನದು ಕಫ. ಈ ತೀರ್ಪು ಯಾವಾಗ ಆಯಿತೋ ನನಗೆ ನೆನಪಿಲ್ಲ, ಅದಕ್ಕೆ ಅಪೀಲಂತೂ ಇರಲಿಲ್ಲ. ಕಫದವಳಾಗಿ ಹುಟ್ಟಿದ ತಪ್ಪಿಗೆ ಹೊತ್ತು ಮುಳುಗಿದ ಮೇಲೆ ನಾನು ಬಾಳೆಹಣ್ಣು ತಿಂದವಳಲ್ಲ. ಅಮ್ಮ ಮಿಡ್ಲ್ ಸ್ಕೂಲಿನಲ್ಲಿ ಟೀಚರು, ಬೆಳಗ್ಗೆ ಬೇಗ ಹೊರಡಬೇಕು. ಹಾಗಾಗಿ ಅಡುಗೆಮನೆ ಪೂರ್ತಿ ಅತ್ತೆಯದು. ನೆಗಡಿ ಬರುವ ಮೊದಲೇ ಅವರಿಗೆ ಗೊತ್ತಾಗುತ್ತಿತ್ತು. ನಾನು ಒಂದು ಸಲ ಸೀನಿದರೆ ಸಾಕು, ದೊಡ್ಡಪತ್ರೆ ಬಾಡಿಸಿ ರಸ ಹಿಂಡಿದ ಲೋಟ ಎದುರಿಗೆ ಬರುತ್ತಿತ್ತು. ಬೀದಿಯ ಹೆಂಗಸರೂ ಬಂದು ಕೇಳಿಕೊಂಡು ಹೋಗುತ್ತಿದ್ದರು. "ಊಟ ಬಲ್ಲವನಿಗೆ ರೋಗವಿಲ್ಲ" ಎಂದು ಗಾದೆ ಹೇಳಿ ಕಳಿಸುವುದು ಅತ್ತೆಯ ಪದ್ಧತಿ.

ಅತ್ತೆ ಅಪ್ಪನ ಅಕ್ಕ. ಮುಳಬಾಗಿಲಿಗೆ ಮದುವೆಯಾಗಿ ಹೋದವರು, ಗಂಡ ವಿಷಮಶೀತ ಜ್ವರದಲ್ಲಿ ಹೋದ ಮೇಲೆ ಹದಿನೇಳನೆಯ ವಯಸ್ಸಿಗೇ ತವರಿಗೆ ವಾಪಸು ಬಂದರು. ನಮ್ಮ ತಾತ ಅವರ ಕೂದಲು ತೆಗೆಸಲಿಲ್ಲ. ಅಷ್ಟಕ್ಕೇ ತಾತನನ್ನು ಸುಧಾರಕರು ಎಂದು ಹೊಗಳುವ ನೆಂಟರಿದ್ದರು. ಆ ಹೊಗಳಿಕೆ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕೂದಲೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೋಗಿತ್ತು. ಅನ್ನದ ಊಟ ದಿನಕ್ಕೆ ಒಂದೇ ಹೊತ್ತು, ಅದೂ ಎಲ್ಲರದೂ ಆದ ಮೇಲೆ. ಏಕಾದಶಿಗೆ ನೀರೂ ಇಲ್ಲ. ಮೇಲೆ ಚಾತುರ್ಮಾಸ್ಯದ ವ್ರತ. ನಮ್ಮ ಮಾಧ್ವರಲ್ಲಿ ಆಷಾಢದಿಂದ ಕಾರ್ತಿಕದವರೆಗೆ ತಿಂಗಳಿಗೊಂದು ಬಿಡಬೇಕು: ಮೊದಲು ತರಕಾರಿ, ಆಮೇಲೆ ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆಕಾಳು. ಅಪ್ಪ ಮನೆಯಲ್ಲಿ ವ್ರತ ಹಿಡಿದು ಆಫೀಸಿನ ಕ್ಯಾಂಟೀನಿನಲ್ಲಿ ಬಿಡುತ್ತಿದ್ದರು. ಅತ್ತೆಗೆ ಕ್ಯಾಂಟೀನು ಎಲ್ಲಿಂದ ಬರಬೇಕು?

ಅವರಿಗೆ ಇದರಲ್ಲಿ ಬೇಸರವೇ ಇರಲಿಲ್ಲ ಎಂಬುದು ಇನ್ನೂ ವಿಚಿತ್ರ. "ವ್ರತ ಅಂದ್ರೆ ಏನಂದ್ಕೊಂಡಿದೀಯೆ ಸೀತೂ?" ಎಂದು ನನಗೇ ಪಾಠ ಹೇಳುತ್ತಿದ್ದರು. "ಋಷಿಗಳು ಔಷಧಾನ ದೇವರ ಹೆಸರಲ್ಲಿ ಬರೆದುಕೊಟ್ಟಿದಾರೆ, ಅಷ್ಟೆ. ಮಳೇಲಿ ಸೊಪ್ಪಿಗೆ ಹುಳ ಬರತ್ತೆ, ಬಿಡು ಅಂದ್ರು. ನಿಮಗೆಲ್ಲ ನಾನು ಬೇರೆ ಬೇರೆ ಪಥ್ಯ ಹೇಳ್ಬೇಕು. ನಂಗೆ ದೇವ್ರೇ ಹೇಳಿಟ್ಟಿದಾನೆ."

ಎಪ್ಪತ್ತೇಳನೆಯ ಇಸವಿಯಲ್ಲಿ ಅಧಿಕ ಶ್ರಾವಣ ಬಂತು. ತಿಂಗಳು ಎರಡಾದ್ದರಿಂದ ತರಕಾರಿ ಇಲ್ಲದ ತಿಂಗಳೂ ಎರಡಾಯಿತು. ಹೆಸರುಬೇಳೆ, ಜೀರಿಗೆ, ಕಾಳುಮೆಣಸು, ಅನ್ನ. ಹುಣಿಸೆಹಣ್ಣು ಇಲ್ಲ, ಮೆಣಸಿನಕಾಯಿ ಇಲ್ಲ, ಸಾಸಿವೆ ಸಹ ಇಲ್ಲ. ನನಗೂ ಅಮ್ಮನಿಗೂ ಮಾತ್ರ ದಿನಕ್ಕೊಂದು ಹುಳಿ, ಪಲ್ಯ ಮಾಡಿ ಬಡಿಸುತ್ತಿದ್ದರು. ಗಣೇಶನ ಹಬ್ಬದ ಹೊತ್ತಿಗೆ ಅತ್ತೆಯ ಬಳೆಯಿಲ್ಲದ ಕೈ ಇನ್ನಷ್ಟು ಸಣ್ಣಗಾಗಿತ್ತು. ಅತ್ತೆಯೇ ಮನೆಯ ವೈದ್ಯರು, ಅವರಿಗೆ ಯಾರು ಹೇಳುವುದು?

ಪಿತೃಪಕ್ಷದ ಒಂದು ಬೆಳಗ್ಗೆ ಅವರು ಒಲೆಯ ಪಕ್ಕದಲ್ಲೇ ತಲೆ ಸುತ್ತಿ ಬಿದ್ದರು. ಕುದಿಯುತ್ತಿದ್ದ ಸಾರು ಒಂದು ಗೇಣು ದೂರದಲ್ಲಿತ್ತು. ಅಪ್ಪ ಓಡಿಬಂದು ಎತ್ತಿಕೊಂಡರು. ಅಕ್ಕನ ತೂಕ ಎಷ್ಟು ಕಡಿಮೆಯಿದೆ ಎಂದು ಅವರಿಗೆ ಆಗಲೇ ಗೊತ್ತಾಗಿರಬೇಕು, ಮುಖ ಬಿಳಿಚಿಕೊಂಡಿತು. ಬೀದಿಯ ಡಾಕ್ಟರು ಬಂದು ರಕ್ತ ಕಡಿಮೆ, ಟಾನಿಕ್ ಕೊಡಿ ಎಂದರು. ಟಾನಿಕ್ಕಿನಲ್ಲಿ ಏನೇನು ಬೆರೆಸಿರುತ್ತಾರೋ ಎಂದು ಅತ್ತೆ ಬಾಟಲಿಯನ್ನು ಮುಟ್ಟಲೂ ಇಲ್ಲ.

ಅವತ್ತೇ ಸಂಜೆ ಅಪ್ಪ ತೀರ್ಮಾನ ಹೇಳಿದರು. "ಅಕ್ಕ, ಸಾಕು. ಮುಳಬಾಗಿಲು ಕಡೆಯವನು ವೆಂಕಟಗಿರಿ ಅಂತ ಇದಾನೆ, ಮಡಿ ಅಡುಗೆಯವನು. ಬರ್ತೀನಿ ಅಂದಿದಾನೆ. ನೀನು ರೆಸ್ಟ್ ತಗೋ."

ಅಪ್ಪ ಪ್ರೀತಿಯಿಂದಲೇ ಅಂದದ್ದು. ಅತ್ತೆಗೆ ಅದು ಮನೆಯಿಂದ ಹೊರಗೆ ಹಾಕಿದಂತೆ ಕೇಳಿಸಿತು. ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ನನ್ನ ಹತ್ತಿರ ಬಂದು ನಿಂತರು. "ಅಡುಗೆಯೋನು ಬಂದ್ಮೇಲೆ ನಾನು ಯಾತಕ್ಕೇ ಈ ಮನೇಲಿ? ಇನ್ನೊಬ್ಬರ ಮನೇಲಿ ಸುಮ್ನೆ ಕೂತು ತಿಂದು ಗೊತ್ತಿಲ್ಲ ನಂಗೆ." ತಮ್ಮನ ಮನೆ ಅವರಿಗೆ ಇಷ್ಟು ವರ್ಷಗಳ ನಂತರವೂ ಇನ್ನೊಬ್ಬರ ಮನೆಯೇ ಆಗಿತ್ತು. ನನಗೆ ಅಳು ಬಂತು. ಕೊನೆಗೆ ಅಮ್ಮ ನಡುವೆ ಬಂದು ಒಂದು ಒಪ್ಪಂದ ಮಾಡಿಸಿದರು. ಉತ್ಥಾನ ದ್ವಾದಶಿಗೆ ವ್ರತ ಮುಗಿಯುವ ಹೊತ್ತಿಗೆ ಅತ್ತೆ ಸುಧಾರಿಸಿಕೊಂಡರೆ ಅಡುಗೆಮನೆ ಅವರಿಗೇ. ಇಲ್ಲವಾದರೆ ವೆಂಕಟಗಿರಿ.

ಅಮ್ಮನ ಸ್ಕೂಲಿನ ಇನ್ನೊಬ್ಬ ಟೀಚರು ಜಗದಾಂಬಾ ಅವರು ಮಹಿಳಾ ಸಮಾಜದ ಸಭಾಂಗಣದಲ್ಲಿ ಮಧ್ಯಾಹ್ನ ಯೋಗ ಹೇಳಿಕೊಡುತ್ತಿದ್ದರು. ಋತು ಬದಲಾಗುವಾಗ ಪ್ರಾಣಾಯಾಮ, ಶವಾಸನ ಮಾಡಿದರೆ ಶಕ್ತಿ ಬರುತ್ತದೆ ಎಂದು ಅವರೇ ಕರೆದರು. ಅತ್ತೆ ತಮ್ಮ ಚಾಪೆ ತಾವೇ ಸುತ್ತಿಕೊಂಡು ಬಂದರು, ಹತ್ತು ಜನ ಮಲಗಿದ ಜಮಖಾನ ಅವರಿಗೆ ಆಗದು. ಹಗಲು ಹೊತ್ತಿನಲ್ಲಿ ಅತ್ತೆ ಬೆನ್ನು ನೆಲಕ್ಕಿಟ್ಟದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

"ಏನೂ ಮಾಡ್ಬೇಡಿ ಅಕ್ಕ. ಸುಮ್ನೆ ಉಸಿರು ನೋಡ್ತಾ ಇರಿ" ಎಂದರು ಜಗದಾಂಬಾ.

ಅತ್ತೆ ನೋಡಿದರು. ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದಾರೆ, ಅತ್ತೆ ಮಾತ್ರ ಕತ್ತು ಹೊರಳಿಸಿ ಅತ್ತ ಇತ್ತ ನೋಡುತ್ತಲೇ ಇದ್ದಾರೆ. ಆಸನ ಮುಗಿದು ಎದ್ದ ಕೂಡಲೇ ಅತ್ತೆಯೇ ಜಗದಾಂಬಾ ಅವರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. "ಆ ನೀಲಿ ಸೀರೆಯೋರಿಗೆ ಉಬ್ಬಸ ಇದೆ, ಉಸಿರು ಮೇಲೇ ನಿಲ್ಲತ್ತೆ. ಮೂಲೇಲಿರೋ ಹುಡುಗೀಗೆ ಅಜೀರ್ಣ. ಹಿಪ್ಪಲಿ ತಗೊಳೋಕೆ ಹೇಳಿ."

"ಅಕ್ಕ, ನಾನು ನೋಡಿ ಅಂದದ್ದು ನಿಮ್ಮ ಉಸಿರನ್ನ!"

ಅತ್ತೆ ತಬ್ಬಿಬ್ಬಾದರು. "ನಂದಾ? ನಂದರಲ್ಲಿ ನೋಡೋಕೆ ಏನಿದೆ?"

ಜಗದಾಂಬಾ ನಕ್ಕುಬಿಟ್ಟರು, ನಾನೂ ನಕ್ಕೆ. ಅತ್ತೆ ನಗಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಏನೋ ಲೆಕ್ಕ ತಪ್ಪಿದವರಂತೆ ಮುಖ ಮಾಡಿಕೊಂಡಿದ್ದರು.

ವಿಜಯನಗರ ಬಡಾವಣೆಯ ಪಂಡಿತ ಗುರುಸಿದ್ದಯ್ಯನವರ ಹೆಸರು ಹೇಳಿದವರೂ ಜಗದಾಂಬಾ ಅವರೇ. ಗದಗಿನ ಕಡೆಯ ಲಿಂಗಾಯತರು, ಆಯುರ್ವೇದ ಓದಿ ಆ ಬಡಾವಣೆಯಲ್ಲೇ ಎರಡು ಕೋಣೆಯ ದವಾಖಾನೆ ಇಟ್ಟಿದ್ದರು. ನಾನು ಅತ್ತೆಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಒಳಗೆ ಹೋದವರೇ ಅತ್ತೆ ಮೊದಲು ಷರತ್ತು ಹಾಕಿದರು: ಬೇರೆಯವರು ನೀರು ಹಾಕಿ ಕುದಿಸಿದ ಕಷಾಯ ತಗೊಳ್ಳುವುದಿಲ್ಲ. ಪಂಡಿತರು ಬೇಸರ ಮಾಡಿಕೊಳ್ಳಲಿಲ್ಲ. "ಒಣಾ ಪುಡಿ ಕೊಡತೀನ್ರಿ ತಾಯಿ, ತುಪ್ಪದಾಗ ಕಲಸ್ಕೊಳ್ರಿ. ಮೊದಲ ಪ್ರಕೃತಿ ನೋಡೂಣು" ಎಂದು ಸೆರಗಿನ ಮೇಲಿಂದಲೇ ನಾಡಿ ಹಿಡಿದರು.

"ಖಾರ ಸೇರತೈತೋ, ಸಿಹಿ ಸೇರತೈತೋ?"

"ನಮ್ಮ ಪುರುಷೋತ್ತಮನಿಗೆ ಖಾರ ಆಗೋಲ್ಲ. ಎದೆ ಉರಿ."

"ನಿಮಗ್ರಿ?"

"ಅನಂತುಗೆ ಸಿಹಿ ಸೇರತ್ತೆ. ಆದ್ರೆ ಆಲೂಗಡ್ಡೆ ತಿಂದ್ರೆ ವಾಯು."

"ಅವರದಲ್ರಿ ತಾಯಿ, ನಿಮ್ಮದು. ಚಳಿ ತಡ್ಕೋತೀರೋ, ಬಿಸಿಲು ತಡ್ಕೋತೀರೋ? ಸಣ್ಣಾಕಿದ್ದಾಗ ಏನಂದ್ರ ಜೀವ ಬಿಡತಿದ್ರಿ?"

ಉತ್ತರ ನನಗೆ ಗೊತ್ತಿರಬಹುದು ಎಂಬಂತೆ ಅತ್ತೆ ನನ್ನ ಕಡೆ ತಿರುಗಿದರು. ನನಗೂ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವರ ಕೈಯಲ್ಲಿ ಉಂಡವಳು ನಾನು. ಅವರದು ವಾತವೋ ಪಿತ್ತವೋ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಅವರೂ ಯೋಚಿಸಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ.

ಪಂಡಿತರು ಒತ್ತಾಯ ಮಾಡಲಿಲ್ಲ. ಮಳೆಗಾಲದಲ್ಲಿ ಒಳಗೆ ಕೂಡಿದ ಪಿತ್ತ ಶರದೃತುವಿನ ಬಿಸಿಲಿಗೆ ಕೆರಳುತ್ತದೆ, ಅದಕ್ಕೇ ಈ ತಲೆಸುತ್ತು, ಒಳಜ್ವರ ಎಂದು ಬಿಡಿಸಿ ಹೇಳಿದರು. "ಈಗ ದಿನಾ ಹಾಲು ಕುಡೀರಿ, ತುಪ್ಪ ಹಾಕ್ಕೊಳ್ರಿ, ಹೆಸರುಬ್ಯಾಳಿ ಉಣ್ರಿ. ಮೊಸರು ಮಾತ್ರ ಮುಟ್ಟಬ್ಯಾಡ್ರಿ."

ಅತ್ತೆಯ ಮುಖ ನೋಡಬೇಕಿತ್ತು. "ಇದು ಹಾಲು ಬಿಡೋ ತಿಂಗಳಲ್ವಾ ಪಂಡಿತರೇ? ಮೊಸರು ಹೋದ ತಿಂಗಳು ಬಿಟ್ಟಿದ್ದೆ. ಈಗ ಅದನ್ನ ತಿನ್ನಬಹುದು."

ಪಂಡಿತರು ತಲೆ ಕೆರೆದುಕೊಂಡರು. ಅವರ ಶಾಸ್ತ್ರ ಕುಡಿ ಎಂದದ್ದನ್ನು ನಮ್ಮ ವ್ರತ ಬಿಡು ಎನ್ನುತ್ತದೆ, ಅವರು ಬಿಡು ಎಂದದ್ದಕ್ಕೆ ನಮ್ಮಲ್ಲಿ ಅಡ್ಡಿಯಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗಾಯಿತು. ವ್ರತವೇ ಔಷಧ ಎಂದು ನಂಬಿಕೊಂಡು ಮೂವತ್ತೇಳು ವರ್ಷ ಕಳೆದವರಿಗೆ ಇದು ಸಣ್ಣ ಪೆಟ್ಟಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವರು ತಟ್ಟನೆ ತಿರುಗಿದರು. "ಅದನ್ನ ಬರೆದೋರೂ ಋಷಿಗಳು, ಇದನ್ನ ಹೇಳಿದೋರೂ ಋಷಿಗಳು. ಇಬ್ಬರೂ ಒಂದು ಸಲ ಕೂತು ಮಾತಾಡ್ಕೋಬಾರ್ದಿತ್ತಾ?" ನನಗೆ ನಗು ಬಂದರೂ ನಗುವ ಹಾಗಿರಲಿಲ್ಲ. ಅವರು ನಿಜವಾಗಿಯೂ ಕೇಳುತ್ತಿದ್ದರು.

ಮರುದಿನ ನಮ್ಮ ಮನೆಯ ಪುರೋಹಿತರನ್ನು ಕರೆಸಿದರು. ಬೀದಿಯವರೆಲ್ಲ ನಾಣಿ ಆಚಾರ್ ಎನ್ನುತ್ತಿದ್ದರು. ಅವರು ಒಂದು ಕ್ಷಣವೂ ತಡಮಾಡದೆ ದಾರಿ ತೋರಿಸಿದರು. "ಔಷಧಕ್ಕೆ ದೋಷ ಇಲ್ಲಮ್ಮ. ವೈದ್ಯರು ಹಾಲನ್ನ ಔಷಧ ಅಂತ ಕೊಟ್ರೆ ಧಾರಾಳವಾಗಿ ತಗೊಳ್ಳಿ. ಆಹಾರ ಅಂತ ಆದ್ರೆ ಮಾತ್ರ ವ್ರತಭಂಗ."

ನನಗೆ ಸಂತೋಷವಾಯಿತು. ಅಲ್ಲಿಗೆ ಮುಗಿಯಿತಲ್ಲ, ಇನ್ನು ಹಾಲು ಕುಡಿಯಬಹುದು, ಸುಧಾರಿಸಿಕೊಳ್ಳಬಹುದು, ಅಡುಗೆಮನೆಯೂ ಉಳಿಯಿತು. ಅತ್ತೆ ಅಷ್ಟು ಸುಲಭವಾಗಿ ಬಿಡುವ ಪೈಕಿಯಲ್ಲ. ವೈದ್ಯರ ಬಾಯಿಂದಲೇ ಕೇಳಬೇಕೆಂದು ಮತ್ತೆ ವಿಜಯನಗರಕ್ಕೆ ಹೊರಟರು. "ಹಾಲು ಔಷಧವೋ, ಆಹಾರವೋ? ಸತ್ಯ ಹೇಳಿ ಪಂಡಿತರೇ." ನಾನು ಅವರ ಬೆನ್ನ ಹಿಂದೆ ನಿಂತು ಔಷಧ ಅನ್ನಿ, ಔಷಧ ಅನ್ನಿ ಎಂದು ತುಟಿಯಲ್ಲೇ ಬೇಡಿಕೊಂಡೆ. ಕೈ ಕೂಡ ಮುಗಿದೆ.

ಗುರುಸಿದ್ದಯ್ಯನವರು ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು. "ಸತ್ಯ ಅಂದ್ರ, ಅದು ಊಟಾರಿ ತಾಯಿ. ನಿಮಗ ಆಗಿರೋದು ಉಣ್ಣದ ಬ್ಯಾನಿ. ಉಣ್ಣದಾಕೀಗೆ ನಾ ಯಾವ ಔಷಧ ಕೊಡಲಿ?"

ಆ ಮನುಷ್ಯ ಒಂದು ಸುಳ್ಳು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತೋ! ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅತ್ತೆ ಮಾತ್ರ ನಿಟ್ಟುಸಿರು ಬಿಟ್ಟು, "ಹಾಗಾದ್ರೆ ಆಗಲ್ಲ" ಎಂದು ಎದ್ದರು. ಪಂಡಿತರು ಬಾಗಿಲ ತನಕ ಬಂದರು. "ಒಂದು ಕೆಲಸ ಮಾಡ್ರಿ. ದಿನಾ ಮುಂಜಾನೆ ಒಲಿ ಹಚ್ಚೂ ಮೊದಲ, ನಿಮ್ಮ ಬಾಯಿಗೆ ಏನು ಬೇಕಂತ ಕೇಳ್ರಿ. ತಿನ್ನಬ್ಯಾಡ್ರಿ, ವ್ರತ ಕೆಡಿಸಬ್ಯಾಡ್ರಿ. ಬರೇ ಕೇಳ್ರಿ. ಉತ್ತರ ಬಂದ ದಿನ ನನ್ನ ಕಡೆ ಬರ್ರಿ."

ಅತ್ತೆ ಯಾವ ಪಥ್ಯವನ್ನೂ ತಪ್ಪಿಸಿದವರಲ್ಲ, ಇದನ್ನೂ ತಪ್ಪಿಸಲಿಲ್ಲ. ಬೆಳಗ್ಗೆ ಮಡಿಯುಟ್ಟು ಬಂದು ಒಲೆಯ ಮುಂದೆ ನಿಂತು ಕಣ್ಣು ಮುಚ್ಚುತ್ತಿದ್ದರು. ಮೊದಮೊದಲು ಜಪ ಮಾಡುತ್ತಿದ್ದಾರೆ ಎಂದುಕೊಂಡೆವು. ಕಣ್ಣು ಬಿಟ್ಟಾಗ ಮುಖದಲ್ಲಿ ಅದೇ ಗೊಂದಲ. "ಬಾಯೀನ ಕೇಳಿದ್ರೆ ಪುರುಷೋತ್ತಮನ ಗೊಜ್ಜವಲಕ್ಕಿ ನೆನಪಾಗತ್ತೆ ಕಣೇ" ಎಂದರು ಒಂದು ದಿನ. ಇನ್ನೊಂದು ದಿನ ಅಮ್ಮನ ಇಷ್ಟದ ಸಿಹಿ ಹಾಲುಬಾಯಿ ಬಂತು, ಮತ್ತೊಂದು ದಿನ ನನ್ನ ಹೀರೇಕಾಯಿ ಬಜ್ಜಿ. ಅವರ ಬಾಯಿಯೊಳಗೆ ನಾವೆಲ್ಲ ಸಾಲಾಗಿ ಎಲೆ ಹಾಕಿಕೊಂಡು ಕೂತಿದ್ದೆವು, ಅವರಿಗೇ ಜಾಗವಿರಲಿಲ್ಲ. "ನಂಗೇನು ಇಷ್ಟ ಅಂತ ನಿಂಗೇನಾದ್ರೂ ಗೊತ್ತಾ ಸೀತೂ?" ಎಂದು ಕೇಳಿದಾಗ ಗೊತ್ತಿಲ್ಲ ಅತ್ತೆ ಎಂದೆ.

ದಸರಾ ಕಳೆದ ಮೇಲೆ ಹಾಲಿಗೆ ಅನುಮತಿ ಬಂತು, ಬೇಳೆ ಹೋಯಿತು. ಅರ್ಧ ಲೋಟ ಹಾಲು ಕುಡಿದರು, ಹೊಟ್ಟೆ ಉಬ್ಬರಿಸಿತು. ಹಾಲು ತಮ್ಮ ದೇಹಕ್ಕೆ ಆಗುವುದಿಲ್ಲವೋ, ಅಥವಾ ಹೊಟ್ಟೆ ಹಾಲನ್ನೇ ಮರೆತಿದೆಯೋ ಅವರಿಗೆ ತಿಳಿಯಲಿಲ್ಲ. ಬೇರೆಯವರಿಗೆ ಹೀಗಾಗಿದ್ದರೆ ಕಣ್ಣುಮುಚ್ಚಿ ಹೇಳುತ್ತಿದ್ದರು. ಶುಂಠಿ ಹಾಕಿ ಕುಡಿಯುವುದೋ, ಬಿಡುವುದೋ ಎಂದು ಲೋಟ ಹಿಡಿದುಕೊಂಡೇ ನಿಂತಿರುತ್ತಿದ್ದರು. ದೀಪಾವಳಿಯಾಗಿ ಸ್ವಲ್ಪ ದಿನಕ್ಕೆ ಹುಳಿಯ ಪಾತ್ರೆ ಇಳಿಸುವಾಗ ಭಾರ ತಾಳಲಾರದೆ ಕೈಬಿಟ್ಟು ಎಲ್ಲ ನೆಲದ ಪಾಲಾಯಿತು. ಅತ್ತೆ ತಾವೇ ಬಟ್ಟೆ ತಂದು ಒರೆಸಿದರು, ತಾವೇ ನಡುಮನೆಗೆ ಬಂದರು. "ಆ ವೆಂಕಟಗಿರಿಗೆ ಬರಹೇಳಪ್ಪ ಪುರುಷೋತ್ತಮ" ಎಂದು ಹೇಳಿ ಕೋಣೆಗೆ ಹೋದರು. ಅವತ್ತು ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಉತ್ಥಾನ ದ್ವಾದಶಿಯ ಮರುದಿನ ವೆಂಕಟಗಿರಿ ಬಂದ. ಸಣಕಲು ಆಳು, ಮಾತು ಮಾತ್ರ ಜೋರು. ಬಾವಿಕಟ್ಟೆಯಲ್ಲಿ ಸ್ನಾನ ಮಾಡಿ, ಮಡಿಯುಟ್ಟು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಕೊಂಡ. ಅತ್ತೆ ನಡುಮನೆಯ ಗೋಡೆಗೆ ಒರಗಿ ಕೂತಿದ್ದರು. ಆ ಹೊತ್ತಿನಲ್ಲಿ ಅವರನ್ನು ಅಲ್ಲಿ ನೋಡಿ ಅಭ್ಯಾಸವಿಲ್ಲದೆ ನಾವು ಮೂವರೂ ಏನು ಮಾಡಬೇಕೆಂದು ತೋಚದೆ ಸುತ್ತ ನಿಂತಿದ್ದೆವು.

"ಯಾರಿಗೆ ಏನಾಗತ್ತೆ, ಏನಾಗಲ್ಲ, ಈಗ್ಲೇ ಹೇಳ್ಬಿಡಿ ಸ್ವಾಮಿ" ಎಂದ ವೆಂಕಟಗಿರಿ. "ಆಮೇಲೆ ನನ್ನ ಮೇಲೆ ಗೂಬೆ ಕೂರಿಸ್ಬೇಡಿ."

"ನನಗೆ ಖಾರ ಕಡಿಮೆ. ಪಿತ್ತದ ದೇಹ" ಎಂದರು ಅಪ್ಪ. "ಆಲೂಗಡ್ಡೆ ನಂಗೆ ವಾಯು" ಎಂದರು ಅಮ್ಮ. "ರಾತ್ರಿ ಮೊಸರು ಬೇಡ, ಕಫ" ಎಂದೆ ನಾನು. ಪಾಠ ಒಪ್ಪಿಸುವ ಮಕ್ಕಳ ಹಾಗೆ ಮೂವರೂ ಅತ್ತೆಯ ಮಾತುಗಳನ್ನೇ ಒಪ್ಪಿಸಿದ್ದೆವು.

"ದೊಡ್ಡಮ್ಮಾವ್ರಿಗೆ?"

"ಅಕ್ಕನಿಗೆ ಎಲ್ಲಾ ಆಗತ್ತೆ" ಎಂದರು ಅಪ್ಪ.

"ಆಗೋದು ಬಿಡಿ ಸ್ವಾಮಿ. ಇಷ್ಟ ಏನು? ಮೊದಲ್ನೇ ದಿನ, ಮನೆಗೆ ಹಿರಿಯರು, ಅವರಿಗೆ ಇಷ್ಟವಾದ್ದೇ ಮಾಡೋಣ ಅಂತ."

ಅಪ್ಪ ಅಮ್ಮನನ್ನು ನೋಡಿದರು. ಅಮ್ಮ ನನ್ನನ್ನು ನೋಡಿದರು. ವೆಂಕಟಗಿರಿ ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ, ಇದೆಂಥ ಮನೆಗೆ ಬಂದೆನಪ್ಪಾ ಎನ್ನುವಂತೆ. ಅಪ್ಪನಿಗೆ ನಾಚಿಕೆಯಾಯಿತು, ಕಣ್ಣು ತುಂಬಿಕೊಂಡಿತು. ಅಕ್ಕನ ಎದುರು ಕುಕ್ಕರಗಾಲಿನಲ್ಲಿ ಕೂತರು. "ಅಕ್ಕಾ, ನಿನಗೇನು ಇಷ್ಟ? ಹೇಳೇ."

ಅತ್ತೆ ಅಪ್ಪನ ಮುಖವನ್ನೇ ನೋಡಿದರು. ಆಮೇಲೆ ಗೋಡೆ ಹಿಡಿದು ಎದ್ದು, ಮೂಲೆಯಲ್ಲಿದ್ದ ಮಣೆಯನ್ನು ತಾವೇ ತಂದು ಹಾಕಿಕೊಂಡು, ನಮಗೆಲ್ಲರಿಗಿಂತ ಮೊದಲು ಊಟಕ್ಕೆ ಕೂತರು.

"ನಂಗೊತ್ತಿಲ್ಲ ಕಣಪ್ಪಾ" ಎಂದರು ವೆಂಕಟಗಿರಿಗೆ. "ನೀನು ಮಾಡಿಹಾಕು. ತಿಂದು ನೋಡಿ ಹೇಳ್ತೀನಿ."